ಹಿತ್ತಾಳೆ ಬಟ್ಟಲಿನ ಅಳತೆ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟರ ಹೊತ್ತು. ಮೆರುಗಿನ ಪುಡಿಯನ್ನು ಜರಡಿ ಹಿಡಿಯುತ್ತಿದ್ದ ಸೊಸೆ ಕೆಮ್ಮುತ್ತಾ ಗೋಡೆ ಹಿಡಿದು ಕೂತಳು. ಜಾಡಿಗಳಿಗೆ ಹಚ್ಚಿ ಆವಿಗೆಯಲ್ಲಿ ಸುಟ್ಟರೆ ಗಾಜಿನಂತೆ ಹೊಳೆಯುವ ಪುಡಿ ಅದು. ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ನಲವತ್ತು ವರ್ಷ ಅದನ್ನು ಕಲಸಿದವಳು ನಾನು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ನಿಲ್ಲುತ್ತೇನೆ. ಇನ್ನು ಆ ಪುಡಿಯ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಸೊಸೆಗೆ ಆಗಲೇ ಹೇಳಿದ್ದರು.

ಪೇಟೆಯಲ್ಲಿ ಒಬ್ಬರು ನಾವು ಹೇಳಿದ ಲೆಕ್ಕಕ್ಕೆ ಮೆರುಗನ್ನು ಯಂತ್ರದಲ್ಲಿ ಕಲಸಿ, ನೀರು ಬೆರೆಸಿ, ಡಬ್ಬದಲ್ಲಿ ತುಂಬಿ ಕೊಡುತ್ತಾರೆ. ಅಲ್ಲಿಂದಲೇ ತರಿಸೋಣ ಎಂದೆ.

ಭಾವ, ಅಂದರೆ ನನ್ನ ಗಂಡನ ಅಣ್ಣ, ಕೇಳಿ ಕೆಂಡವಾದರು. ನಮ್ಮ ಹಸಿರಿನ ಗುಟ್ಟು ಇದುವರೆಗೆ ಹೊಸ್ತಿಲು ದಾಟಿಲ್ಲವಂತೆ. ಗುಟ್ಟು ಕಾದವರು ಅವರೇ, ಸುಳ್ಳಲ್ಲ. ಕಲಸುವಾಗ ಮೂಗಿಗೆ ಟವೆಲು ಕಟ್ಟಿಕೊಂಡು ಬಾಗಿಲಾಚೆ ನಿಂತು, ಗಾಜು ಮೂರು, ಕಲ್ಲು ಎರಡು, ಬೂದಿ ಒಂದು ಎಂದು ಎಣಿಸುತ್ತಿದ್ದರು. ಒಳಗಿದ್ದವರು ನಾವು ಹೆಂಗಸರು.

ಮರುದಿನ ಬಸ್ಸು ಹತ್ತಿ ಹೋಗಿ, ಮೂರು ಎರಡು ಒಂದು ಎಂದು ಹೇಳಿ ಬಂದೆ.

ಮೊದಲ ಡಬ್ಬ ಕೈಕೊಟ್ಟಿತು. ಆವಿಗೆ ತೆರೆದರೆ ಹಸಿರೆಲ್ಲ ಇಳಿದು, ಇಪ್ಪತ್ತೆರಡು ಜಾಡಿಗಳು ಒಳಗಿನ ಕಲ್ಲುಹಲಗೆಗೆ ಅಂಟಿದ್ದವು. ಉಳಿ ಹಾಕಿ ಎಬ್ಬಿಸಿದರೆ ಚೂರು. ಭಾವ ಒಂದು ಚೂರನ್ನು ಸೊಸೆಯ ಮುಂದೆ ಹಿಡಿದರು.

"ನೋಡಮ್ಮ, ನಿಮ್ಮತ್ತೆ ತಂದ ಸೊಬಗು. ನಾಳೆಯಿಂದ ಜರಡಿ ಹಿಡಿ."

ಪಾಪ, ಅವಳು ಆಗಲೇ ಎದ್ದಿದ್ದಳು. ಜರಡಿಯನ್ನು ನಾನು ಕಿತ್ತುಕೊಂಡೆ.

ಅಂದೆಲ್ಲ ಯೋಚಿಸಿದೆ. ನಾವು ಅಳೆಯುವುದು ಹಿತ್ತಾಳೆ ಬಟ್ಟಲಿನಲ್ಲಿ, ಅಂಗಡಿಯವರು ತೂಗುವುದು ತಕ್ಕಡಿಯಲ್ಲಿ. ಒಂದು ಬಟ್ಟಲು ಕಲ್ಲಿನ ಪುಡಿ ಕೈ ಜಗ್ಗುತ್ತದೆ. ಒಂದು ಬಟ್ಟಲು ಬೂದಿ ಹತ್ತಿಯಷ್ಟು ಹಗುರ. ನಾನು ಒಂದು ಎಂದೆ, ಅವರು ಒಂದು ಕಿಲೋ ಸುರಿದರು. ಬೂದಿ ಹೆಚ್ಚಾದರೆ ಮೆರುಗು ನೀರಾಗಿ ಇಳಿಯುತ್ತದೆಂದು ನನಗೆ ಗೊತ್ತಿದ್ದದ್ದೇ. ತಪ್ಪು ನನ್ನದು. ಅದಕ್ಕೆ ಸೊಸೆಯ ಎದೆ ಯಾಕೆ ದಂಡ ತೆರಬೇಕು?

ಬೆಳಗಾಗುತ್ತಲೇ ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಭಾವ ಬಾಗಿಲಿಗೆ ಅಡ್ಡ ನಿಂತರು.

"ಆ ಬಟ್ಟಲು ಹೊರಗೆ ಹೋದ್ರೆ ನಾನು ಈ ಮನೇಲಿ ಇರಲ್ಲ."

"ಬಟ್ಟಲು ಸಾಯಂಕಾಲ ವಾಪಸ್ ಬರುತ್ತೆ ಭಾವ. ಹೋದ ನನ್ನ ಉಸಿರು ಬರಲ್ಲ. ಇವಳದ್ದನ್ನ ಕೊಡಲ್ಲ."

"ನಮ್ಮಮ್ಮ ಕಲಸಲಿಲ್ವಾ?"

"ಕಲಸಿದ್ರು. ಕೊನೇ ಎರಡು ವರ್ಷ ಕೂತೇ ನಿದ್ದೆ ಮಾಡಿದ್ರು. ಬೆನ್ನಿಗೆ ದಿಂಬು ಇಡ್ತಿದ್ದವಳು ನಾನು."

ಅವರು ಪಕ್ಕಕ್ಕೆ ಸರಿದರು.

ಅಂಗಡಿಯಲ್ಲಿ ಒಂದೊಂದೇ ಪುಡಿಯನ್ನು ನಮ್ಮ ಬಟ್ಟಲಿಗೆ ತುಂಬಿ ತೂಗಿಸಿದೆ. ನನಗೆ ಬರುವುದು ಅಂಕಿ ಮಾತ್ರ, ಅದು ಸಾಕಾಯಿತು. ಮನೆಗೆ ಬಂದು ತೂಕಗಳನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದೆ, ಹೋಗಿಬರುವವರಿಗೆಲ್ಲ ಕಾಣುವಷ್ಟು ದಪ್ಪಗೆ.

ಎರಡನೆಯ ಸಲ ನಮ್ಮದೇ ಹಸಿರು ಬಂತು. ಮೊದಲ ಜಾಡಿಯನ್ನು ಸೊಸೆಯೇ ಹೊರತೆಗೆದಳು. ಭಾವ ಅದನ್ನು ತಿರುಗಿಸಿ, ಉಗುರಿನಿಂದ ಕೆರೆದು, ಏನೋ ಕೊರತೆ ಇದೆ ಎಂದರು. ಏನೆಂದು ಕೇಳಿದ್ದಕ್ಕೆ ಮತ್ತೆ ಕೆರೆದರು.

ಮಂಗಳವಾರ ಭಾವ ಮಗಳ ಮನೆಗೆ ಹೊರಟುಹೋದರು. ಹಿತ್ತಾಳೆ ಬಟ್ಟಲನ್ನು ಮೂಗಿಗೆ ಕಟ್ಟುತ್ತಿದ್ದ ಆ ಟವೆಲಿನಲ್ಲೇ ಸುತ್ತಿಕೊಂಡಿದ್ದರು. ಒಯ್ಯಲಿ, ಅಳತೆ ಗೋಡೆಯ ಮೇಲಿತ್ತು.