ಹಸ್ಸಾ ಇರುವ ತುಣುಕು

"ಅಂಕೆ ಏರ್ಲೇ ಇಲ್ವಲ್ಲ ಮಗಳೇ," ಎಂದು ಮದುಮಗಳ ತಾಯಿ ಉಮ್ ಬದರ್ ಲ್ಯಾಪ್‌ಟಾಪಿನ ಪರದೆಯ ಮೂಲೆಗೆ ಬೆರಳು ತೋರಿಸಿದರು. "ಅಳಿಸ್ದೆ ಅಂದೆ. ಅಳಿಸಿದ್ರೆ ಜಾಗ ಖಾಲಿಯಾಗ್ಬೇಕು ತಾನೆ? ಆಗ್ಲೂ ಇಷ್ಟೇ ಇತ್ತು, ಈಗ್ಲೂ ಇಷ್ಟೇ ಇದೆ."

ತರ್ಫಾ ಆ ಮೂಲೆಯತ್ತ ನೋಡಿದಳು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮದುವೆಯ ಚಿತ್ರಗಳೆಲ್ಲ ಅವರ ಡಿಸ್ಕಿಗೆ ಹೋಗಿದ್ದವು. ತನ್ನ ಲ್ಯಾಪ್‌ಟಾಪಿನಲ್ಲಿದ್ದವನ್ನು ಅವಳು ಅವರ ಕಣ್ಣೆದುರೇ ಅಳಿಸಿದ್ದಳು. ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ಕೂತಿತ್ತು.

ಹುಫೂಫ್ ಊರಿನಲ್ಲಿ ಹೆಂಗಸರ ಮದುವೆ ಸಭಾಂಗಣಗಳ ಬಾಗಿಲಲ್ಲೇ ಫೋನು ಕಿತ್ತಿಟ್ಟುಕೊಳ್ಳುತ್ತಾರೆ. ಒಳಗೆ ಕೂದಲು ಬಿಚ್ಚಿ, ತೋಳು ಬಿಟ್ಟು, ಮನಸಾರೆ ಕುಣಿಯುವ ಹೆಂಗಸರ ನಡುವೆ ಕ್ಯಾಮೆರಾ ಇರುವುದು ಒಬ್ಬಳ ಕೈಯಲ್ಲಿ ಮಾತ್ರ, ಕೂಲಿ ಕೊಟ್ಟು ಕರೆಸಿದವಳ ಕೈಯಲ್ಲಿ. ಆಮೇಲೆ ಮದುಮಗಳ ತಾಯಿ ಅವಳ ಮನೆಗೆ ಬಂದು, ಚಿತ್ರಗಳನ್ನು ತುಂಬಿಸಿಕೊಂಡು, ಉಳಿದದ್ದನ್ನು ಪಕ್ಕದಲ್ಲೇ ಕೂತು ಅಳಿಸಿಸಿ, ಕಾಫಿ ಕುಡಿದು ಹೋಗಬೇಕು. ಈ ಕಸುಬಿಗೆ ಕೊಟ್ಟ ಮಾತೇ ಬಂಡವಾಳ. ತರ್ಫಾ ಅದನ್ನು ಇವತ್ತಿನವರೆಗೆ ಮುಕ್ಕಾಗಿಸಿರಲಿಲ್ಲ.

"ನನ್ನ ತಂಗಿ ಮಗಳ ಮದುವೇಲಿ ಒಬ್ಳು ಹೀಗೇ ಬುಟ್ಟೀಲಿ ಉಳಿಸ್ಕೊಂಡಿದ್ಳು," ಎಂದರು ಉಮ್ ಬದರ್. "ನೀನು ಅಂಥವಳಲ್ಲ, ನಂಗೊತ್ತು. ಆದ್ರೆ ಹಾಲು ಕುಡಿದು ನಾಲಿಗೆ ಸುಟ್ಕೊಂಡೋಳು ನಾನು, ಮಜ್ಜಿಗೇನೂ ಊದ್ತೀನಿ. ಬೇಜಾರ್ ಮಾಡ್ಕೋಬೇಡ, ಬುಟ್ಟೀನೂ ಖಾಲಿ ಮಾಡ್ಬಿಡು."

ತರ್ಫಾ ಬುಟ್ಟಿ ತೆರೆದಳು. ಖಾಲಿ ಮಾಡಲೇ ಎಂದು ಯಂತ್ರ ಕೇಳಿತು. ಬೆರಳು ಅಲ್ಲೇ ನಿಂತಿತು. ಎದೆಯಲ್ಲಿ ನೋವೇನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ಒಸಡಿನ ಹಾಗೆ ಎಲ್ಲ ಜೋಮು ಹಿಡಿದಿತ್ತು, ಹಸ್ಸಾ ಸತ್ತಂದಿನಿಂದ.

ಹಸ್ಸಾ ಅವಳ ತಂಗಿ, ಚಿತ್ರ ತೆಗೆಯುವಾಗ ದೀಪ ಹಿಡಿಯುವವಳು. ಈ ಮದುವೆಯಾದ ವಾರದಲ್ಲೇ ಜ್ವರ ತಲೆಗೇರಿ ಹೋಗಿಬಿಟ್ಟಳು. ಉಮ್ ಬದರ್ ಸಾವಿನ ಮನೆಗೂ ಬಂದಿದ್ದರು, ದೊಡ್ಡ ಪಾತ್ರೆ ತುಂಬ ಕೆಂಪಕ್ಕಿ ಅನ್ನ ತಂದಿದ್ದರು.

"ಯಾಕಮ್ಮ, ಕೈ ಬರ್ತಿಲ್ವಾ?"

"ಒಂದು ವಿಡಿಯೋ ತುಣುಕಿದೆ ಖಾಲಾ. ಅದ್ರಲ್ಲಿ ಹಸ್ಸಾ ಇದಾಳೆ."

ತರ್ಫಾ ಕ್ಯಾಮೆರಾ ಹಿಡಿಯುತ್ತೇನೆ ಎಂದಾಗ ಅವಳ ತಂದೆ ಒಂದೇ ಮಾತು ಹೇಳಿದ್ದರು: ಕಂಡವರ ಮನೆಯಲ್ಲಿ ನನ್ನ ಹೆಣ್ಣುಮಕ್ಕಳ ಚಿತ್ರ ಇರಕೂಡದು. ತಂದೆ ತೀರಿಕೊಂಡ ಮೇಲೂ ಹಸ್ಸಾ ಆ ಮಾತನ್ನು ನಡೆಸಿದಳು. ಪ್ರತಿ ಮದುವೆ ಮುಗಿದ ಮೇಲೆ ಚಿತ್ರಗಳನ್ನು ಆರಿಸುವ ಕೆಲಸ ಅವಳದೇ. ತನ್ನ ಕೈ, ತನ್ನ ನೆರಳು, ಕನ್ನಡಿಯಲ್ಲಿ ತನ್ನ ಮೂಗಿನ ತುದಿ ಕಂಡರೂ ಸಾಕು, ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಎಸೆಯುತ್ತಿದ್ದಳು. ಅವಳು ಹೋದ ಮೇಲೆ ತರ್ಫಾ ಕ್ಯಾಮೆರಾದ ಹಳೆಯ ಕಾರ್ಡುಗಳನ್ನೆಲ್ಲ ಜಾಲಾಡಿದಳು. ಎಲ್ಲೂ ಇರಲಿಲ್ಲ. ಮನೆಯಲ್ಲಿದ್ದದ್ದು ಗುರುತಿನ ಚೀಟಿಯ ಚಿತ್ರ ಒಂದೇ, ಅದರಲ್ಲಿ ಹಸ್ಸಾ ಯಾರೋ ಗದರಿಸಿ ಕೂರಿಸಿದವಳಂತಿದ್ದಳು. ಈ ಕೊನೆಯ ಮದುವೆಯನ್ನು ಮಾತ್ರ ಆರಿಸುವಷ್ಟರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು.

"ನಿಮ್ಮಮ್ಮ ನೋಡಿದಾರಾ?"

"ಇಲ್ಲ. ಹೇಳಿಲ್ಲ. ಹೇಗೂ ಅಳಿಸ್ಬೇಕಲ್ಲ. ತೋರಿಸಿ ಕಿತ್ಕೊಳೋದು ಯಾಕೆ ಅಂತ."

ಉಮ್ ಬದರ್ ಅವಳ ಮುಖವನ್ನೊಮ್ಮೆ ನೋಡಿ, ಅಡುಗೆಮನೆಯ ಕಡೆ ತಿರುಗಿ ದನಿ ಎತ್ತಿದರು. "ಉಮ್ ತರ್ಫಾ! ಆ ಖರ್ಜೂರ ಓಡಿಹೋಗಲ್ಲ ಕಣ್ರೀ, ಬನ್ನಿ ಇಲ್ಲಿ."

ಅಮ್ಮ ಬಂದಳು. ಖಲಾಸ್ ಜಾತಿಯ ಖರ್ಜೂರದ ಬೀಜ ತೆಗೆಯುತ್ತಿದ್ದ ಬೆರಳುಗಳು ಅಂಟಂಟಾಗಿದ್ದವು. ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು, ಸಿಗಲಿಲ್ಲ. ಬೆರಳು ಬಿಡಿಸಿ ಹಿಡಿದುಕೊಂಡೇ ಇಬ್ಬರ ನಡುವೆ ಕೂತಳು.

ತರ್ಫಾ ಆ ಒಂದು ತುಣುಕನ್ನು ಬುಟ್ಟಿಯಿಂದ ಹೊರಗೆ ತೆಗೆದು ಒತ್ತಿದಳು.

ಡೋಲು ಬಡಿಯುತ್ತಿತ್ತು. ಮದುಮಗಳು ಲತೀಫಾ ಕೂದಲು ಕೆದರಿಕೊಂಡು, ದೀಪ ಹಿಡಿದು ಗೋಡೆಗೆ ಒರಗಿದ್ದ ಹಸ್ಸಾಳನ್ನು ಎಳೆದುಕೊಂಡು ಬಂದಳು. ಹಸ್ಸಾ ಬೇಡ ಬೇಡ ಅನ್ನುತ್ತಲೇ ದೀಪ ಯಾರದೋ ಕೈಗೆ ಕೊಟ್ಟಳು. ಇಬ್ಬರೂ ಕೈಕೈ ಹಿಡಿದು ಗಿರಗಿರನೆ ತಿರುಗಿದರು. ಇವಳ ಮುಖದ ಮೇಲೆ ಅವಳ ಕೂದಲು, ಅವಳ ತೋಳಿನ ಮೇಲೆ ಇವಳ ತೋಳು. ಬಿಡಿಸಿ ಒಬ್ಬಳನ್ನೇ ಇಟ್ಟುಕೊಳ್ಳುವಂತಿರಲಿಲ್ಲ. ಆ ಪ್ರಯತ್ನವನ್ನು ತರ್ಫಾ ಬೆಳಿಗ್ಗೆಯೇ ಮಾಡಿ ಸೋತಿದ್ದಳು. ಕೊನೆಗೆ ಹಸ್ಸಾ ಕ್ಯಾಮೆರಾ ಕಂಡು ಬಾಯಿ ಮುಚ್ಚಿಕೊಂಡು ನಕ್ಕಳು, ನೇರ ಹತ್ತಿರ ಬಂದಳು.

"ಏ ತರ್ಫಾ, ನಾನು ಬಂದ್ಬಿಟ್ಟೆ ಕಣೇ ಇದ್ರಲ್ಲಿ! ಇದನ್ನ ಅಳಿಸ್ಬಿಡು, ಮರೀಬೇಡ!"

ತುಣುಕು ಅಲ್ಲಿಗೆ ನಿಂತಿತು, ಹಸ್ಸಾಳ ಮುಖ ಪರದೆಯ ತುಂಬ ಇದ್ದಾಗ. ಅಮ್ಮ ಕೈ ಚಾಚಿ ಆ ಕೆನ್ನೆಯನ್ನು ಮುಟ್ಟಿದಳು. ಉಮ್ ಬದರ್ ಅಳುತ್ತಿದ್ದರು. ಅವರ ಮನೆಯ ಸಾವಲ್ಲ, ಆದರೂ ಅವರಿಗೆ ಅಳು ಬಂದಿತ್ತು. ತನಗೆ ಬರಲಿಲ್ಲವಲ್ಲ ಎಂದು ತರ್ಫಾಗೆ ನಾಚಿಕೆಯಾಯಿತು.

"ನಂದೊಬ್ಬಳದ್ದಾಗಿದ್ರೆ ಇಟ್ಕೊಳ್ಳಿ ಅಂತಿದ್ದೆ," ಎಂದರು ಉಮ್ ಬದರ್, ಮೂಗು ಒರೆಸಿಕೊಳ್ಳುತ್ತ. "ನನ್ನ ಮಗಳು ಈಗ ಇನ್ನೊಬ್ರ ಮನೆ ಹೆಣ್ಣು. ಅವಳ ಅತ್ತೆಗೆ ನಾನೇ ಮಾತು ಕೊಟ್ಟಿದೀನಿ."

"ಗೊತ್ತು ಖಾಲಾ. ನಿಮ್ಮನ್ನ ನಾನೇನೂ ಕೇಳ್ಲಿಲ್ಲ."

"ಕೇಳಿದ್ರೆ ಚೆನ್ನಾಗಿತ್ತು, ಬೈದಾದ್ರೂ ಬೈತಿದ್ದೆ." ಅವರು ತಮ್ಮ ಕೈಚೀಲದೊಳಗಿನ ಡಿಸ್ಕನ್ನು ತಡವಿಕೊಂಡು, ಅಮ್ಮನ ಕಡೆ ತಿರುಗಿದರು. "ನಿಮ್ಮ ಹುಡುಗೀನೂ ಈಗ ನನ್ನ ಹತ್ರ ಇದಾಳಲ್ಲ ಉಮ್ ತರ್ಫಾ. ನಿಮ್ಮೆಜಮಾನ್ರು ಅಂಥದ್ದು ಕೂಡ್ದು ಅಂತಿದ್ದೋರು, ನಂಗೊತ್ತು. ಹೇಳಿ, ನಾನೂ ಅಳಿಸ್ಬಿಡ್ಲಾ? ಇಲ್ಲೇ, ಈಗ್ಲೇ."

ಅಮ್ಮ ತನ್ನ ಅಂಟು ಬೆರಳುಗಳನ್ನೇ ನೋಡಿದಳು. ಗಂಡ ಬದುಕಿದ್ದಾಗಲೂ, ಸತ್ತ ಮೇಲೂ ಅವರ ಮಾತಿಗೆ ಎದುರಾಡಿದವಳಲ್ಲ.

"ಬೇಡ," ಎಂದಳು. "ನಿಮ್ಮನೇಲಿ ಇರ್ಲಿ."

"ಯಾವಾಗ ಬೇಕಾದ್ರೂ ಬನ್ನಿ. ಗಂಡಸ್ರನ್ನ ತೋಟಕ್ಕೆ ಅಟ್ಟಿ, ದೊಡ್ಡ ಟೀವಿಗೇ ಹಾಕ್ತೀನಿ."

"ಆಗ್ಲಿ, ಬರ್ತೀವಿ," ಎಂದಳು ಅಮ್ಮ. ನಾಳೆಯೇ ಹೊರಡುವವಳ ದನಿ ಅದಾಗಿರಲಿಲ್ಲ. ಆಮೇಲೆ ಮಗಳ ಕಡೆ ನೋಡದೆ, "ಅವಳು ಹೇಳಿದ ಹಾಗೆ ಮಾಡು," ಎಂದಳು.

ತರ್ಫಾ ತುಣುಕನ್ನು ಬುಟ್ಟಿಗೆ ಹಾಕಿದಳು. ಖಾಲಿ ಮಾಡಿದರೆ ಮತ್ತೆ ಸಿಗುವುದಿಲ್ಲ ಎಂದು ಯಂತ್ರ ಎಚ್ಚರಿಸಿತು. ಒತ್ತಿದಳು. ಕಾಗದ ಮುದುಡಿದ ಸದ್ದಾಯಿತು. ಮೂಲೆಯ ಅಂಕೆ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಒಮ್ಮೆಲೇ ಏರಿತು.

"ಹಾಂ, ಈಗ ಸರಿಯಾಯ್ತು," ಎಂದುಬಿಟ್ಟರು ಉಮ್ ಬದರ್, ಅಂದ ಮೇಲೆ ತುಟಿ ಕಚ್ಚಿಕೊಂಡರು. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಸಾಕೆನ್ನುವಂತೆ ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟರು. ಮುಖಪರದೆ ಇಳಿಬಿಟ್ಟುಕೊಂಡರು. ಬಾಗಿಲವರೆಗೆ ಅಮ್ಮನ ಭುಜ ಹಿಡಿದುಕೊಂಡೇ ಹೋದರು.

ಅಮ್ಮ ಹಿಂದಕ್ಕೆ ಬಂದು ಲ್ಯಾಪ್‌ಟಾಪಿನ ಮುಂದೆ ಬಗ್ಗಿ ನಿಂತಳು.

"ಆ ಅಂಕೆ ಏನದು?"

"ಖಾಲಿ ಜಾಗ, ಯುಮ್ಮಾ."

"ಇಷ್ಟೊಂದಾ?"

"ಹೂಂ. ಸಂಜೆಯ ಮದುವೆಗೆ ಬೇಕಲ್ಲ."

ಅಮ್ಮ ಅಡುಗೆಮನೆಗೆ ಹೋದಳು. ಬೀಜಗಳು ತಟ್ಟೆಗೆ ಬೀಳುವ ಸದ್ದು ಮತ್ತೆ ಶುರುವಾಯಿತು. ತರ್ಫಾ ಕ್ಯಾಮೆರಾ ಚೀಲಕ್ಕೆ ಬ್ಯಾಟರಿ ತುಂಬಿದಳು, ಮಸೂರ ಒರೆಸುವ ಮೆತ್ತನೆಯ ಬಟ್ಟೆ ತೆಗೆದು ಒಂದೊಂದನ್ನೇ ಒರೆಸಿದಳು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆ ತಾನಾಗಿ ಆರಿ ಕಪ್ಪಾಯಿತು. ಆ ಕಪ್ಪಿನ ನಡುವೆ ಅಮ್ಮನ ಬೆರಳಿನ ಅಂಟು ಗುರುತು ಉಳಿದಿತ್ತು, ಕೆನ್ನೆ ಇದ್ದ ಜಾಗದಲ್ಲಿ. ತರ್ಫಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿ, ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.