ಆರನೇ ಪುಟದ ತೇಪೆ

ತಾತನ ಕೋಣೆಯ ಬಾಗಿಲು ಮುಚ್ಚಿ ಅಂದಿಗೆ ಒಂಬತ್ತನೆಯ ದಿನ. ಒಳಗೆ ಸೋಂಕು ತಗುಲಿದ ತಾತ, ಹೊರಗೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ನಾನು. ಜ್ವರ ಇಳಿದಿತ್ತು, ಆದರೆ ಊಟ ಸೇರುತ್ತಿರಲಿಲ್ಲ. ಅಮ್ಮ ಬಾಗಿಲ ಬುಡದಲ್ಲಿ ಇಟ್ಟ ತಟ್ಟೆ ಮುಕ್ಕಾಲು ಪಾಲು ಹಾಗೇ ವಾಪಸ್ಸು ಬರುತ್ತಿತ್ತು. "ಇನ್ನೆರಡು ದಿನ ಹೀಗೇ ಆದರೆ ಸೇರಿಸಬೇಕಾಗುತ್ತೆ" ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ತಾತ ನಾಲ್ಕು ತುತ್ತು ತಿನ್ನುತ್ತಿದ್ದದ್ದು ನಾನು ಪತ್ರಿಕೆ ಓದುವಾಗ ಮಾತ್ರ. ಅವರ ಕಣ್ಣಿನ ಪೊರೆಯ ಆಪರೇಷನ್ನು ಈ ಗಲಾಟೆಯಲ್ಲಿ ಮುಂದಕ್ಕೆ ಹೋಗಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಎಂಟಕ್ಕೆ ಬಾಗಿಲಿನಾಚೆಯಿಂದ ನಾನು ಓದಬೇಕು. ಅದೂ ಹೇಗೆಂದರೆ ಹಾಗಲ್ಲ. ಮೂವತ್ತಾರು ವರ್ಷ ಪತ್ರಿಕೆಯಲ್ಲಿ ಪುಟ ಕಟ್ಟಿದವರು ಅವರು. ಯಾವ ಸುದ್ದಿ ಎಲ್ಲಿ ಕೂರಬೇಕು, ಎಷ್ಟು ಇಂಚು ಎಂದು ತೀರ್ಮಾನಿಸುವ ಕೆಲಸ. ಪುಟ, ಕಾಲಂ, ಅಳತೆ ಹೇಳದೆ ಓದಿದರೆ ಅವರ ಮಟ್ಟಿಗೆ ಅದು ಸುದ್ದಿಯೇ ಅಲ್ಲ.

ಅಂದು ಪತ್ರಿಕೆಯನ್ನು ಮೊದಲು ಬಿಡಿಸಿದವಳು ಅಮ್ಮ. ಅಡುಗೆಮನೆಗೆ ನನ್ನನ್ನು ಕರೆದು ಆರನೇ ಪುಟದ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟಳು. ನಾಲ್ಕೇ ಸಾಲು. ಪರದೆ ಮಾಮ ಹೋಗಿಬಿಟ್ಟಿದ್ದರು.

ಪರದೆ ಮಾಮ ಎಂದರೆ ತಾತನ ಐವತ್ತು ವರ್ಷದ ಸ್ನೇಹಿತರು. ನಾಟಕದ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ, ಏನು ಬೇಕೋ ಅದು. "ನೀನು ಕಟ್ಟಿದ ಪುಟ ನಾಳೆ ಬೆಳಿಗ್ಗೆ ಪೊಟ್ಟಣ. ನನ್ನ ಅರಮನೆ ಇಪ್ಪತ್ತು ವರ್ಷ ನೇತಾಡುತ್ತೆ ಕಣಯ್ಯ" ಎಂದು ತಾತನನ್ನು ರೇಗಿಸುವುದೇ ಅವರ ಭಾನುವಾರದ ಕಾರ್ಯಕ್ರಮ.

"ಇವತ್ತೊಂದಿನ ಹೇಳ್ಬೇಡ" ಎಂದಳು ಅಮ್ಮ. "ಒಂಚೂರು ತಿನ್ಲಿ. ಸುಧಾರಿಸ್ಕೊಂಡ ಮೇಲೆ ನಾನೇ ಹೇಳ್ತೀನಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪದವಿ ಮುಗಿಸಿದರೂ ಅಂಗಡಿಯವನಿಗೆ ಸೋಪು ಕೇಳಲು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡು ಹೋಗುವವಳು ನಾನು. ತಾತ ನನಗಿಟ್ಟ ಹೆಸರು ಪಿಸುಮಾತು.

"ಏನಮ್ಮ ಪಿಸುಮಾತು, ಪತ್ರಿಕೆ ಬಂತೋ, ಅದಕ್ಕೂ ಸೀನು ಬಂತೋ?" ಒಳಗಿನಿಂದ ದನಿ.

"ಬಂತು ತಾತ. ಮೊದಲನೇ ಪುಟ, ನಾಲ್ಕು ಕಾಲಂ. ಸಂಪುಟದಲ್ಲಿ ಖಾತೆಗಳ ಅದಲುಬದಲು. ಆರೋಗ್ಯ ಸಚಿವರಿಗೆ ಮೀನುಗಾರಿಕೆ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ.

"ಕುರ್ಚಿಗೆ ನಾಲ್ಕು ಕಾಲಂ! ಮೀನುಗಳ ಗತಿ ಏನಪ್ಪಾ. ಮುಂದೆ?"

ಎರಡನೇ ಪುಟದಲ್ಲಿ ಸೋಂಕಿನ ಅಂಕಿಗಳ ಪಟ್ಟಿ. ಮೂರರಲ್ಲಿ ಪರೀಕ್ಷೆ ಮೂರನೇ ಸಲ ಮುಂದಕ್ಕೆ. ಐದರಲ್ಲಿ ಗ್ರಂಥಾಲಯದಿಂದ ವಾಪಸ್ಸು ಬಂದ ಪುಸ್ತಕಗಳನ್ನು ಮೂರು ದಿನ ಬೇರೆ ಕೋಣೆಯಲ್ಲಿ ಇಡುತ್ತಾರಂತೆ.

"ನನಗೆ ಜೊತೆಯಾಯ್ತು ಬಿಡು" ಎಂದರು ತಾತ. ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿತು. ನಾನು ಎಣಿಸುತ್ತಿದ್ದೆ. ಆರನೇ ತುತ್ತು.

ಆರನೇ ಪುಟಕ್ಕೆ ಬಂದೆ. ಸಂಗೀತ ಕಚೇರಿ ರದ್ದು, ಚಿತ್ರಮಂದಿರಗಳು ಮುಚ್ಚಿಯೇ ಇರುತ್ತವೆ, ಸಾಲಾಗಿ ನಿಧನ ವಾರ್ತೆಗಳು. ಕೊನೆಯ ನಾಲ್ಕು ಸಾಲಿನ ಜಾಗಕ್ಕೆ ಏನಾದರೂ ಬೇಕಿತ್ತು. ತಾತನಿಂದಲೇ ಕಲಿತ ಉಪಾಯವೊಂದಿತ್ತು. ಪುಟದಲ್ಲಿ ಒಂದಿಂಚು ಖಾಲಿ ಉಳಿದರೆ ತುಂಬಲು ಪುಟ ಕಟ್ಟುವವರು ಪುಟಾಣಿ ಸುದ್ದಿಗಳನ್ನು ಕೂಡಿಟ್ಟಿರುತ್ತಾರೆ. ತಾತನ ಆಫೀಸಿನಲ್ಲಿ ಅದಕ್ಕೆ ತೇಪೆ ಎನ್ನುತ್ತಿದ್ದರಂತೆ.

"ಕೊನೇ ಕಾಲಂ, ಒಂದಿಂಚು" ಎಂದೆ. "ಆಕ್ಟೋಪಸ್‌ಗೆ ಮೂರು ಹೃದಯಗಳಿರುತ್ತವೆ. ಈಜುವಾಗ ಅವುಗಳಲ್ಲಿ ಒಂದು ನಿಂತಿರುತ್ತದೆ."

ಚಮಚದ ಸದ್ದು ನಿಂತಿತು.

"ಆರನೇ ಪುಟದಲ್ಲಿ?"

"ಹೂಂ."

"ಪಿಸುಮಾತು, ಸಾಯೋರಿಗೇ ಜಾಗ ಸಾಲ್ದೆ ಒದ್ದಾಡ್ತಿರೋ ಪುಟ ಅದು. ಅಲ್ಲಿಗೆ ಯಾವನಾದ್ರೂ ತೇಪೆ ಹಾಕ್ತಾನಾ?" ಕೆಮ್ಮಿ ಮುಂದುವರಿಸಿದರು. "ಅದೂ ನನ್ನದೇ ತೇಪೆ. ನೀನು ಹುಟ್ಟೋಕೆ ಮುಂಚೆ ಹಾಕಿದ್ದು."

ನನ್ನ ಕಿವಿ ಬಿಸಿಯಾಯಿತು. ಅದನ್ನು ಅವರ ಹಳೆಯ ನೋಟುಬುಕ್ಕಿನಲ್ಲೇ ಓದಿದ್ದೆನೆಂಬುದು ಆಗ ನೆನಪಾಯಿತು.

"ತೇಪೆ ಕೀಳು. ಕೆಳಗೆ ಏನಿದೆಯೋ ಅದನ್ನ ಓದು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬೇಡವೆಂದು ಕೈಯಾಡಿಸಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಓದಿದೆ. ಹಿರಿಯ ಪರದೆ ಚಿತ್ರಕಾರರು ನಿನ್ನೆ ಸೋಂಕಿನಿಂದ ನಿಧನರಾದರು. ಎಂಬತ್ತೊಂದು ವರ್ಷ ವಯಸ್ಸಾಗಿತ್ತು. ಹಲವು ನಾಟಕ ತಂಡಗಳಿಗೆ ದುಡಿದಿದ್ದರು. ಮಗಳನ್ನು ಅಗಲಿದ್ದಾರೆ.

ಒಳಗೆ ಮಂಚ ಕಿರುಗುಟ್ಟಿತು. ಬಾಗಿಲಿಗೆ ಅಂಗೈ ಇಟ್ಟು ನಿಂತೆ. ಅವರ ಉಸಿರು ಹತ್ತಿರದಲ್ಲೇ ಕೇಳಿಸಿತು. ಆಚೆ ಅವರೂ ಎದ್ದು ಬಂದು ಬಾಗಿಲಿಗೊರಗಿ ಕೂತಿದ್ದರೆಂದು ಕಾಣುತ್ತದೆ.

"ತಾತ, ಬೆರಳಿಗೆ ಆ ಆಕ್ಸಿಜನ್ ನೋಡೋ ಯಂತ್ರ ಹಾಕ್ಕೊಳ್ಳಿ."

"ತೊಂಬತ್ತೈದಿದೆ. ಸುಮ್ನಿರು."

ಆಮೇಲೆ ಅವರೇ ಕೇಳಿದರು. "ಫೋಟೋ ಹಾಕಿದಾರಾ?"

"ಇಲ್ಲ."

"ಗುಬ್ಬಿ ವಿಷಯ?"

"ಯಾವ ಗುಬ್ಬಿ?"

"ಬರ್ಕೋ."

ಕೈಗೆ ಸಿಕ್ಕಿದ್ದು ನನ್ನ ದಿನಚರಿ. ಅದರಲ್ಲೇ ಬರೆದುಕೊಂಡೆ. ತಾತ ಎರಡು ಮಾತಿಗೊಮ್ಮೆ ನಿಂತು ಹೇಳಿದರು. ಪರದೆ ಮಾಮ ಬರೆದ ಪ್ರತಿ ಪರದೆಯಲ್ಲೂ ಎಲ್ಲೋ ಒಂದು ಗುಬ್ಬಿ ಇರುತ್ತಿತ್ತಂತೆ. ಸಿಂಹಾಸನದ ಹಿಂದೆ, ಸೆರೆಮನೆಯ ಕಿಟಕಿಯಲ್ಲಿ, ಯುದ್ಧಭೂಮಿಯಲ್ಲಿ ಕೂಡ. ಕೊನೇ ಸಾಲಿನಲ್ಲಿ ಕೂತ ಮಕ್ಕಳಿಗೆ ಮಾತು ಕೇಳಿಸುವುದಿಲ್ಲ, ಅವಕ್ಕೆ ಹುಡುಕೋಕೆ ಏನಾದರೂ ಬೇಕಲ್ಲ ಎನ್ನುತ್ತಿದ್ದರಂತೆ.

"ನಾಲ್ಕಿಂಚು ಬರುತ್ತೆ" ಎಂದರು. "ಪತ್ರಿಕೆ ಆಫೀಸಿಗೆ ಫೋನ್ ಮಾಡು. ನನ್ನ ದನಿ ಅಷ್ಟು ದೂರ ಹೋಗಲ್ಲ."

"ನಾನಾ? ಅಮ್ಮ ಮಾಡ್ಲಿ."

"ಬರೆದವರೇ ಮಾಡ್ಬೇಕು. ಆಫೀಸಿನ ಪದ್ಧತಿ ಅದು."

ನಂಬರು ಒತ್ತಿ, ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡೆ. ನಾಲ್ಕನೆಯ ಸಲ ಆ ಕಡೆಯಿಂದ ಉಪಸಂಪಾದಕರ ದನಿ ಬಂದೇಬಿಟ್ಟಿತು. ತಾತನ ಹೆಸರು ಹೇಳಿದಾಗ "ಓ, ಹಿರಿಯರು ಹೇಗಿದಾರೆ?" ಎಂದರು. ವಿಷಯ ಹೇಳಿದಾಗ ನಿಟ್ಟುಸಿರುಬಿಟ್ಟರು. "ಒಂದು ಸಲ ಬಂದಾಯ್ತಲ್ಲಮ್ಮ. ಆರನೇ ಪುಟದಲ್ಲಿ ಜಾಗ ಎಲ್ಲಿದೆ ಹೇಳಿ?"

"ಮೀನುಗಾರಿಕೆ ಕುರ್ಚಿಗೆ ನಾಲ್ಕು ಕಾಲಂ ಇತ್ತಲ್ಲ ಸರ್."

ನಾನೇ ಹೇಳಿದ್ದು. ಅಷ್ಟು ಜೋರಾಗಿ ಹೇಳಿದ್ದೂ ನಾನೇ. ಬಾಗಿಲಿನಾಚೆಯಿಂದ ಕೆಮ್ಮೋ ನಗುವೋ, ಎರಡೂ ಬೆರೆತ ಸದ್ದು ಬಂತು. ಫೋನಿನಲ್ಲಿ ಉಪಸಂಪಾದಕರೂ ನಕ್ಕರು.

"ಮೂರಿಂಚು ಕೊಡ್ತೀನಿ. ಓದಿ, ಬರ್ಕೋತೀನಿ."

ನಿಧಾನವಾಗಿ ಓದಿದೆ. ಗುಬ್ಬಿಯ ಸಾಲು ಬಂದಾಗ ದನಿ ನಡುಗಿತು, ಆದರೆ ತಗ್ಗಲಿಲ್ಲ. ಮುಗಿಸಿ ಫೋನ್ ಇಟ್ಟಾಗ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮೂರೇ ಕೊಟ್ರು ತಾತ" ಎಂದೆ.

"ಕೇಳಿಸ್ತು." ಒಳಗೆ ತಟ್ಟೆ ಎತ್ತಿಕೊಂಡ ಸದ್ದಾಯಿತು. "ತಟ್ಟೇಲಿರೋದು ಆರಿಹೋಗಿದೆ. ನಿಮ್ಮಮ್ಮನಿಗೆ ಬಿಸಿ ಮಾಡೋಕೆ ಹೇಳು. ನಾಳೆ ಅವನ ಮೂರಿಂಚು ಸರಿಯಾಗಿ ಕೂತಿದೆಯೋ ಇಲ್ವೋ ನೋಡೋಕಾದ್ರೂ ನಾನಿರ್ಬೇಕು. ಬೆಳಿಗ್ಗೆ ಅಳತೆಪಟ್ಟಿ ತಗೊಂಡು ಬಾ."