ಬೆವರಿನಲ್ಲಿ ಇಳಿಯದ ಬ್ರಾಂದಿ

ನನ್ನ ಗಂಡನಂಥ ಬುದ್ಧಿವಂತರು ರೇಸು ಕುದುರೆ ಸವಾರಿ ಮಾಡುವ ಜಾಕಿಗಳ ಕೋಣೆಯಲ್ಲಿ ಮಾತ್ರ ಸಿಗುತ್ತಾರೆ. ಊಟ ಮಾಡಿದರೆ ತೂಕ ಏರುತ್ತದೆ, ನೀರು ಕುಡಿದರೂ ಏರುತ್ತದೆ, ಏರಿದರೆ ಸವಾರಿ ಇಲ್ಲ. ಸ್ವಲ್ಪ ಬ್ರಾಂದಿ ಹಾಕಿಕೊಂಡರೆ ಮಾತ್ರ ಹಸಿವು ಸಾಯುತ್ತದೆ, ಆಮೇಲೆ ಬಿಸಿನೀರಿನ ಟಬ್ಬಿನಲ್ಲಿ ಕೂತು ಬೆವರಿದರೆ ಮೈಯ ನೀರಿನ ಜೊತೆ ಬ್ರಾಂದಿಯೂ ಹೊರಟುಹೋಗುತ್ತದೆ. ಇದು ಅವರ ಶಾಸ್ತ್ರ. ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ, ಹೊಸಬರು ತಲೆಯಾಡಿಸುತ್ತಾರೆ. ಪಾಪ, ಆ ಮೈಯಲ್ಲಿ ಆಡಿಸಲು ತಲೆಯೊಂದೇ ಉಳಿದಿರುತ್ತದೆ.

ರೇಸಿನವರೆಲ್ಲ ನಮ್ಮವರನ್ನು ಗುಬ್ಬಿ ಎಂದು ಕರೆಯುತ್ತಾರೆ. ಇವರಿಗೆ ಅದು ಬಿರುದಿನಂತೆ ಕೇಳಿಸುತ್ತದೆ. ಹಿಂದೊಮ್ಮೆ ಉಸಿರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಒಂದು ತಿಂಗಳು ಮನೆಯಲ್ಲಿ ಕೂತಿದ್ದರು. ಇನ್ನೊಮ್ಮೆ ಸಿಕ್ಕಿದರೆ ಲೈಸೆನ್ಸೇ ಇಲ್ಲ. ಕಾರು ಓಡಿಸುವವರಿಗೆ ಇಷ್ಟು ಕುಡಿಯಬಹುದು ಅಂತ ಇರುವ ಮಿತಿಯ ಅರ್ಧವೂ ಜಾಕಿಗಿಲ್ಲ. ಅದು ಸರಿಯೇ, ಒಂದು ಕುದುರೆ ಮುಗ್ಗರಿಸಿದರೆ ಹಿಂದೆ ಬರುವವರೆಲ್ಲ ಅದರ ಮೇಲೆ ಬೀಳುತ್ತಾರೆ. ಕಿಡ್ನಿ ಡಾಕ್ಟರು ಬೇರೆ, ಹೀಗೆ ಮೈ ಒಣಗಿಸಿಕೊಳ್ಳುತ್ತ ಹೋದರೆ ಬಹಳ ದಿನ ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿದ್ದರು. ಇವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ದೊಡ್ಡ ರೇಸಿನ ದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು ಬಂದವರ ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಒಡೆದಿತ್ತು. ನೆಟ್ಟಗೆ ಹೋಗಿ ತೂಕದ ಮೆಷಿನ್ ಹತ್ತಿದರು.

"ನೋಡೇ, ಸರಿಯಾಗಿ ಬಂತು."

"ವಾಸನೆನೂ ಸರಿಯಾಗೇ ಬರ್ತಿದೆ. ಎಷ್ಟು ಕುಡಿದ್ರಿ?"

"ಎರಡು ಗುಟುಕು. ಅದೂ ಬೆವರಲ್ಲಿ ಇಳಿದುಹೋಯ್ತು. ಮೆಷಿನ್ ಸುಳ್ಳು ಹೇಳುತ್ತಾ?"

"ಜ್ವರ ಅಂತ ಫೋನ್ ಮಾಡಿಬಿಡ್ರಿ. ದಂಡ ಹಾಕ್ತಾರೆ ಅಷ್ಟೇ, ಲೈಸೆನ್ಸ್ ಉಳಿಯುತ್ತೆ."

"ಹೆಂಗಸರಿಗೆ ಇದೆಲ್ಲ ಅರ್ಥ ಆಗಲ್ಲ ಕಣೇ."

ಅರ್ಥ ಆಗುವುದಿಲ್ಲವಂತೆ. ಒಳಗೆ ಹೋಗಿ ಟಬ್ಬಿನ ಪಕ್ಕದ ಬಾಟಲಿ ಎತ್ತಿ ನೋಡಿದೆ. ಎರಡು ಗುಟುಕು ಅಂದರೆ ಕಾಲು ಬಾಟಲಿ ಎಂದು ಆಗ ಅರ್ಥವಾಯಿತು. ಮೈಯಿಂದ ಹೋದದ್ದು ಬರೀ ನೀರು. ಬ್ರಾಂದಿ ಮನೆ ಅಳಿಯನ ಹಾಗೆ ಒಳಗೇ ಕಾಲು ಚಾಚಿ ಕೂತಿತ್ತು.

ರೇಸಿನ ಮೈದಾನಕ್ಕೆ ಕಾರು ನಾನೇ ಓಡಿಸಿದೆ. ಇವರು ಜಾಕಿಗಳ ಕೋಣೆಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು, ಕುದುರೆ ಪಳಗಿಸುವ ಟ್ರೇನರ್ ಓಡಿಬಂದ. ಅವನ ಹಿಂದೆ ಗ್ಲಾಸು ಹಿಡಿದುಕೊಂಡು ಕುದುರೆಯ ಮಾಲೀಕರು.

"ಅಕ್ಕಾ, ಕೆಲಸ ಕೆಟ್ಟಿತು. ಇವತ್ತು ಎಲ್ಲರ ಕೈಲೂ ಕೊಳವೆ ಊದಿಸಿದ್ರು. ಗುಬ್ಬಿ ಸಿಕ್ಕಿಬಿದ್ದ."

"ಕುಡಿದು ನನ್ನ ಕುದುರೆ ಹತ್ತೋಕೆ ಬರ್ತಾನಲ್ಲ, ಮಾನ ಮರ್ಯಾದೆ ಇಲ್ವಾ ಇವನಿಗೆ?" ಅಂದರು ಮಾಲೀಕರು. ಅವರ ಬಾಯಿಂದ ಬಂದ ಗಾಳಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕುದುರೆ ಕೊಳ್ಳುವವರಿಗೆ ಮಿತಿ ಇಲ್ಲ, ಅವರಿಗೆ ಯಾರೂ ಕೊಳವೆ ಹಿಡಿಯುವುದಿಲ್ಲ.

ಟ್ರೇನರ್ ದನಿ ತಗ್ಗಿಸಿದ. "ವಿಚಾರಣೆಗೆ ನಿಮ್ಮನ್ನೂ ಕರೀತಾರೆ. ರಾತ್ರಿ ಇವರಿಗೆ ಕೆಮ್ಮು ಬಂದಿತ್ತು, ಔಷಧಿ ನಾನೇ ಕೊಟ್ಟೆ, ಅದರಲ್ಲಿ ಆಲ್ಕೋಹಾಲ್ ಇರೋದು ಗೊತ್ತಿರಲಿಲ್ಲ ಅಂದುಬಿಡಿ. ಇವತ್ತಿನ ಸವಾರಿ ಹೋಯ್ತು, ಲೈಸೆನ್ಸ್ ಉಳಿಯುತ್ತೆ. ಮುಂದಿನ ವಾರ ಇದೇ ಕುದುರೆ ಗುಬ್ಬಿಗೆ."

ಮುಂದಿನ ವಾರ. ಮತ್ತೆ ಅದೇ ಟಬ್ಬು, ಅದೇ ಬಾಟಲಿ. ಗಂಡಸರೆಲ್ಲ ಸೇರಿ ಏನು ಚೆಂದದ ದಾರಿ ಹುಡುಕಿದ್ದರು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ರೇಸಿನ ತೀರ್ಪು ಕೊಡುವ ಮೂವರು ಕೂತಿದ್ದರು. ನಮ್ಮವರು ಗೋಡೆಗೆ ಒರಗಿ ನಿಂತಿದ್ದರು. ಕೆಮ್ಮಿನ ಕತೆ ಆಗಲೇ ಹೇಳಿ ಮುಗಿಸಿ, ನಂಬಿಕೆ ಬರಲಿ ಎಂದು ಒಂದೆರಡು ಸಲ ಕೆಮ್ಮಿಯೂ ತೋರಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಮಾತ್ರ ನಾಟಕ ಇರಲಿಲ್ಲ.

"ಔಷಧಿ ನೀವೇ ಕೊಟ್ಟಿದ್ದೇನಮ್ಮಾ?" ಮೂವರಲ್ಲಿ ಹಿರಿಯರು ಕೇಳಿದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವರಿಗೂ ಬೇಗ ಮುಗಿಸಿ ರೇಸು ನೋಡುವ ಆತುರ. ನಾನು ಗಂಡನ ಒಡೆದ ತುಟಿ ನೋಡಿದೆ. ಇಂಥ ತುಟಿಯ ಹೆಣದ ಬಾಯಿಗೆ ನೀರು ಬಿಡುವುದು ನನ್ನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿತು.

"ಇವರು ನಿನ್ನೆಯಿಂದ ಎಂಜಲು ಕೂಡ ನುಂಗಿಲ್ಲ ಸಾರ್. ತೂಕ ಏರುತ್ತೆ ಅಂತ ಚೂಯಿಂಗ್ ಗಮ್ ಅಗಿದು ಅಗಿದು ಉಗೀತಾ ಇದ್ರು. ಇಂಥವರು ಸಕ್ಕರೆ ಪಾಕದಂಥ ಔಷಧಿ ಕುಡೀತಾರಾ? ಕುಡಿದಿದ್ದು ಬ್ರಾಂದಿ. ಬೆವರಲ್ಲಿ ಹೋಗುತ್ತೆ ಅಂದ್ಕೊಂಡಿದ್ರು."

ಬಾಗಿಲ ಬಳಿ ನಿಂತಿದ್ದ ಟ್ರೇನರ್ ಹಣೆ ಚಚ್ಚಿಕೊಂಡ. ಮೂವರೂ ಮುಖ ಮುಖ ನೋಡಿಕೊಂಡರು. ನಮ್ಮವರು ಕಣ್ಣು ಕೆಳಗೆ ಹಾಕಿದವರು ಮತ್ತೆ ಎತ್ತಲಿಲ್ಲ. ಲೈಸೆನ್ಸ್ ಮೇಜಿನ ಮೇಲೆ ಇಟ್ಟು ಹೊರಗೆ ಬಂದೆವು.

ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಹೇಳಿದರು, "ನನ್ನ ಹೊಟ್ಟೆ ಮೇಲೆ ಹೊಡೆದೆ ಕಣೇ."

"ಹೊಡೆಯೋಕೆ ನಿಮಗೆ ಹೊಟ್ಟೆ ಎಲ್ಲಿದೆ?"

ಸಿಟ್ಟಿನಲ್ಲಿ ಅಂದೆ. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇರಲಿಲ್ಲ. ಇನ್ನು ಈ ಮನುಷ್ಯ ಏನು ಮಾಡಿಕೊಂಡಾರು ಎಂಬ ಹೆದರಿಕೆ ಮಾತ್ರ ಬೇಕಾದಷ್ಟಿತ್ತು. ಅಷ್ಟರಲ್ಲಿ ಮೈದಾನದ ಮೈಕು ಕಿರುಚತೊಡಗಿತು, ಇವರ ಕುದುರೆಯ ಹೆಸರಿನ ಪಕ್ಕದಲ್ಲಿ ಬೇರೆ ಜಾಕಿಯ ಹೆಸರು ಕೂಗಿದರು. ಇವರು ಆ ಕಡೆ ತಿರುಗಲಿಲ್ಲ. ನಾನು ನೀರಿನ ಬಾಟಲಿ ಕೊಟ್ಟೆ. ತೆಗೆದುಕೊಂಡು, ಕುಡಿಯದೆ, ಅಂಗೈಯಲ್ಲಿಟ್ಟು ಅದರ ಭಾರ ನೋಡಿದರು.

"ಇನ್ಮೇಲೆ ನಾನು ಎಷ್ಟು ತೂಗಬೇಕು?" ಎಂದು ಕೇಳಿದರು.

ಮೀಸೆ ಚಿಗುರುವ ವಯಸ್ಸಿನಿಂದ ಈ ಲೆಕ್ಕವನ್ನು ಯಾರಾದರೊಬ್ಬರು ಇವರಿಗೆ ಹೇಳುತ್ತಲೇ ಬಂದಿದ್ದರು. ಮುಚ್ಚಳ ತಿರುಗಿಸಿ ಬಾಟಲಿಯನ್ನು ನಾನೇ ಅವರ ಬಾಯಿಗೆ ಹಿಡಿದೆ.